ಹಳೇ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಬೇಡಿ

ಸಂಪಾದಕರೇ,

ನಮ್ಮ ಕಡೆ ತೋಟ ಅಗೆಯುವಾಗ ಹಳೇ ತಾಮ್ರದ ಕಾಸು ಸಿಕ್ಕಿದರೆ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ, ದೇವರ ತಂಬಿಗೆಯ ಹಾಗೆ ಫಳಫಳ ಹೊಳೆಯಲಿ ಅಂತ. ದಯವಿಟ್ಟು ಹಾಗೆ ಮಾಡಬೇಡಿ.

ತಿಕ್ಕಿದರೆ ಏನು ಕಳೆದುಹೋಗುತ್ತದೆ ಅನ್ನುವುದು ರೋಮಿನ ಹಿತ್ತಾಳೆ ನಾಣ್ಯ ನೋಡಿದರೆ ಗೊತ್ತಾಗುತ್ತದೆ. ಕ್ರಿ.ಶ. 80ರ ಹೊತ್ತಿಗೆ ಟೈಟಸ್ ದೊರೆ ಹೊಸದಾಗಿ ಕಟ್ಟಿದ ಕೊಲೋಸಿಯಂ ಕ್ರೀಡಾಂಗಣದ ಚಿತ್ರವನ್ನು ಸೆಸ್ಟರ್ಶಿಯಸ್ ಅನ್ನುವ ದೊಡ್ಡ ನಾಣ್ಯಕ್ಕೆ ಹಾಕಿಸಿದ. ಅಗಲ ಮೂರೂವರೆ ಸೆಂಟಿಮೀಟರಿನ ಆಸುಪಾಸು, ಅಷ್ಟೇ. ಅಷ್ಟರಲ್ಲೇ ಹೊರಗೋಡೆಯ ಕಮಾನುಗಳು ಸಾಲುಸಾಲಾಗಿ ಇವೆ, ಮೇಲಿನಿಂದ ಇಣುಕಿದ ಹಾಗೆ ಒಳಗಿನ ಮೆಟ್ಟಿಲುಗಳೂ ಕಾಣುತ್ತವೆ, ಅಲ್ಲಿ ಕೂತ ಜನ ಸಣ್ಣ ಸಣ್ಣ ಚುಕ್ಕಿಗಳು. ಪಕ್ಕದಲ್ಲಿ ಮೆಟಾ ಸುಡಾನ್ಸ್ ಅನ್ನುವ ಕಾರಂಜಿ. ಅದರ ಅಳಿದುಳಿದ ಭಾಗವನ್ನು 1936ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಕಾಲದಲ್ಲಿ ಕೆಡವಿಬಿಟ್ಟರು. ನಾಣ್ಯದಲ್ಲಿ ಅದು ಇನ್ನೂ ಇಡಿಯಾಗಿ ನಿಂತಿದೆ!

ನೀರೋ ದೊರೆಯ ಬಂದರಿನ ನಾಣ್ಯವಂತೂ ಕಾರವಾರದವರು ನೋಡಲೇಬೇಕು. ರೋಮಿನ ಹತ್ತಿರದ ಆಸ್ಟಿಯಾದ ಬಂದರು, ಎರಡೂ ಕಡೆ ಬಾಗಿದ ದಕ್ಕೆ, ನಡುವೆ ಹಾಯಿ ಬಿಚ್ಚಿದ ಹಡಗುಗಳು. ಒಂದೊಂದು ಅಚ್ಚಿನಲ್ಲಿ ಹಡಗಿನ ಲೆಕ್ಕ ಬೇರೆ. ಗುಡಿಗಳ ಚಿತ್ರವೂ ಹಾಗೇ, ಒಳಗಿನ ದೇವರು ಕಾಣಲಿ ಅಂತ ಆರು ಕಂಬದ ಗುಡಿಗೆ ನಾಲ್ಕೇ ಕಂಬ ಕೊರೆದದ್ದುಂಟು. ಅದಕ್ಕೇ ಒಂದೇ ನಾಣ್ಯ ನೋಡಿ ಕಟ್ಟಡ ಹೀಗೇ ಇತ್ತು ಅನ್ನಲಾಗದು, ಹತ್ತಾರು ನಾಣ್ಯ ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಒಂದು ಸವೆದರೂ ನಷ್ಟವೇ ಅಲ್ವಾ?

ನಮ್ಮಲ್ಲೂ ಅಂಥದ್ದು ಇದೆ. ಹಿಂದೆ ಬನವಾಸಿಯಿಂದ ಆಳಿದ ಚುಟು ಅರಸರ ಸೀಸದ ನಾಣ್ಯಗಳು ಕಾರವಾರ, ಬನವಾಸಿ ಕಡೆಯೇ ಸಿಕ್ಕಿವೆ. ಒಂದು ಬದಿ ಕಮಾನುಗಳನ್ನು ಪೇರಿಸಿದಂಥ ಬೆಟ್ಟ, ಇನ್ನೊಂದು ಬದಿ ಕಟಕಟೆಯೊಳಗೆ ಮರ. ಸೀಸ ಎಷ್ಟು ಮೆತ್ತಗೆ ಅಂದರೆ ಬ್ರಷ್ ಹಾಕಿ ಜೋರಾಗಿ ಉಜ್ಜಿದರೂ ಗೀರು ಬೀಳುತ್ತದೆ. ತಾಮ್ರ, ಕಂಚಿನ ಮೇಲಿನ ಹಸಿರು ಪದರವನ್ನು ಜನ ಕೊಳೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಸಣ್ಣ ಗೆರೆಗಳು ಉಳಿದಿರುವುದು ಆ ಪದರದಲ್ಲೇ. ಹುಳಿ ಅದನ್ನೇ ತಿಂದುಹಾಕುತ್ತದೆ, ಆಮೇಲೆ ಸುಮ್ನೆ ಹೊಳೆಯುವ ಬಿಲ್ಲೆ ಉಳಿಯುತ್ತದೆ.

ಸಿಕ್ಕಿದ್ದನ್ನು ಮಣ್ಣು ಸಮೇತ ಕಾಗದದಲ್ಲಿ ಸುತ್ತಿಡಿ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಬರೆದಿಡಿ. ಕರ್ನಾಟಕದ 1962ರ ನಿಧಿ ಕಾಯಿದೆಯ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಮ್ಮ ಪತ್ರಿಕೆ ಈ ವಿಷಯವನ್ನು ಮಳೆಗಾಲ ಮುಗಿದು ತೋಟದ ಕೆಲಸ ಶುರುವಾಗುವ ಮೊದಲು ಒಮ್ಮೆ ದೊಡ್ಡದಾಗಿ ಹಾಕಲಿ.

– ಓದುಗ, ಶಿರಸಿ