ಪ್ರೀ-ವರ್ಕೌಟ್ ಪೌಡರ್ ಕುಡಿಯುವವರಿಗೆ

ಎಲ್ಲರಿಗೂ ನಮಸ್ಕಾರ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಈ ಪೌಡರ್‌ನಿಂದ ತಲೆ ಚುರುಕಾಗುತ್ತಾ ಅಂತ ತುಂಬಾ ಜನ ಕೇಳಿದ್ದೀರಿ. ಒಂದೇ ಸಲ ಬರೆದುಬಿಡುತ್ತೇನೆ.

ಡಬ್ಬಿಯ ಮೇಲೆ ಹತ್ತು ಹೆಸರಿದ್ದರೂ ತಲೆಗೆ ತಟ್ಟುವುದು ಹೆಚ್ಚಾಗಿ ಕೆಫೀನ್. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ. ತೂಕಡಿಕೆ ಬರುವುದು ಅದರಿಂದ. ಕೆಫೀನ್ ಹೋಗಿ ಅದರ ಸೀಟಿನಲ್ಲಿ ಕೂತುಬಿಡುತ್ತದೆ. ಸುಸ್ತು ಎಲ್ಲೂ ಹೋಗಿರಲ್ಲ, ನಮಗೆ ಗೊತ್ತಾಗಲ್ಲ ಅಷ್ಟೇ.

ಕ್ರೀಡಾ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕೆಫೀನ್ ಕೊಡುವುದು ದೇಹದ ತೂಕದ ಪ್ರತಿ ಕೆಜಿಗೆ 3ರಿಂದ 6 ಮಿ.ಗ್ರಾಂ, ವ್ಯಾಯಾಮಕ್ಕೆ ಸುಮಾರು ಒಂದು ಗಂಟೆ ಮುಂಚೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ ಮಿತಿ. ಕಾಫಿ, ಟೀ ಎಲ್ಲಾ ಸೇರಿಸಿ! ಒಳಗೆ ಹೋದದ್ದರಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ 200 ಕುಡಿದರೆ ರಾತ್ರಿ ಹನ್ನೊಂದಕ್ಕೂ ಸುಮಾರು 100 ಉಳಿದಿರುತ್ತದೆ. ನಾನೂ ಹಾಗೆ ಕುಡಿದು ರಾತ್ರಿ ಎರಡರವರೆಗೆ ಫ್ಯಾನ್ ನೋಡುತ್ತಾ ಬಿದ್ದಿದ್ದೆ. ಬೆಳಿಗ್ಗೆ ಬೀಗದ ಕೈ ಫ್ರಿಡ್ಜ್‌ನಲ್ಲಿ ಸಿಕ್ಕಿತು. ಚುರುಕು ಅಂದರೆ ಇದೇ ಅಲ್ವಾ?

ಕುಡಿದ ಮೇಲೆ ಮುಖ ಜುಮ್ ಅನ್ನುವುದು ಪೌಡರ್‌ನಲ್ಲಿರುವ ಬೀಟಾ-ಅಲನಿನ್ ಅನ್ನುವ ಅಮೈನೋ ಆಮ್ಲದಿಂದ, ಅದಕ್ಕೂ ಏಕಾಗ್ರತೆಗೂ ಸಂಬಂಧ ಇಲ್ಲ. ಸ್ನಾಯುಗಳ ಶಕ್ತಿಗೆ ನೆರವಾಗುವ ಕ್ರಿಯೇಟಿನ್ ದಿನಕ್ಕೆ 3ರಿಂದ 5 ಗ್ರಾಂ ಸಾಕು, ಆದರೆ ಕುಡಿದ ತಕ್ಷಣ ಏನೂ ಆಗಲ್ಲ, ವಾರಗಟ್ಟಲೆ ಬೇಕು. ನೀರು ಕಡಿಮೆಯಾದರೂ ಗಮನ ಜಾರುತ್ತದೆ, ಮೊದಲು ಅದನ್ನು ನೋಡಿ.

ಗರ್ಭಿಣಿಯರು, ಬಿಪಿ ಅಥವಾ ಹೃದಯದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಉಳಿದವರು ಡಬ್ಬಿಯ ಹಿಂಭಾಗದ ಫೋಟೋ ಇಲ್ಲಿ ಹಾಕಿ, ಕೆಫೀನ್ ಎಷ್ಟಿದೆ ಅಂತ ಒಟ್ಟಿಗೆ ನೋಡೋಣ.