ಫೈಂಡ್‌ಆಲ್ ಕೊಡುವ ಉತ್ತರ ಒಂದೇ ಬಗೆಯದಲ್ಲ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ವಿದ್ಯಾರ್ಥಿಗಳಿಗೆ, ದೊಡ್ಡ ಬರಹದಿಂದ ಬೇಕಾದ ಮಾದರಿಯ ಅಕ್ಷರಗಳನ್ನು ಹೆಕ್ಕಿ ತೆಗೆಯುವ ‘ಆರ್‌ಇ’ ಲೈಬ್ರರಿಯನ್ನು ಪರಿಚಯಿಸುವಾಗ, ಸುಲಭವೆಂಬ ಕಾರಣಕ್ಕೆ, ಮಾದರಿಗೆ ಹೊಂದುವುದೆಲ್ಲವನ್ನೂ ಒಂದೇ ಪಟ್ಟಿಯಾಗಿ ಕೊಡುವ ‘ಫೈಂಡ್‌ಆಲ್’ ಫಂಕ್ಷನ್ನನ್ನೇ ಮೊದಲು ಹೇಳಿಕೊಡುವ ರೂಢಿ ಇದೆ. ಈ ರೂಢಿ ಬದಲಾಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಎಪಿಎಂಸಿ ಗೇಟಿನಲ್ಲಿ ಬರೆದಿಡುವಂಥ ಲಾರಿಗಳ ದಾಖಲೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಧಾರವಾಡದ ಕೆಎ 25, ಗದಗಿನ ಕೆಎ 26, ಹಾವೇರಿಯ ಕೆಎ 27, ಹುಬ್ಬಳ್ಳಿಯ ಕೆಎ 63 ನೋಂದಣಿಯ ವಾಹನಗಳಿರುತ್ತವೆ. ಕೆಎ, ಎರಡು ಅಂಕಿ, ಸರಣಿಯ ಅಕ್ಷರಗಳು, ನಾಲ್ಕು ಅಂಕಿ ಎಂದು ಮಾದರಿ ಬರೆದು ಫೈಂಡ್‌ಆಲ್‌ಗೆ ಕೊಟ್ಟರೆ ವಾಹನಗಳ ಪೂರ್ತಿ ಸಂಖ್ಯೆಗಳು ಪಟ್ಟಿಯಾಗಿ ಬರುತ್ತವೆ. ಅವಳಿ ನಗರದ ಲಾರಿಗಳಷ್ಟೇ ಸಾಕೆಂದು ವಿದ್ಯಾರ್ಥಿ ಮೊದಲ ಎರಡು ಅಂಕಿಗಳ ಜಾಗದಲ್ಲಿ (25|63) ಎಂದು ಬರೆದ ಕೂಡಲೇ ಅದೇ ಫಂಕ್ಷನ್ ಪೂರ್ತಿ ಸಂಖ್ಯೆಯನ್ನು ಬಿಟ್ಟು ಬರೀ 25, 63, 25 ಎಂದು ಕೊಡುತ್ತದೆ. ‘ಇದು ಅಥವಾ ಅದು’ ಎಂದು ಹೇಳಲು ಹಾಕಿದ ಬ್ರ್ಯಾಕೆಟ್ಟನ್ನು ಲೈಬ್ರರಿಯು ‘ಇಷ್ಟನ್ನೇ ಕೊಡು’ ಎಂದು ಓದಿಕೊಳ್ಳುತ್ತದೆ. ಎರಡು ಬ್ರ್ಯಾಕೆಟ್ ಹಾಕಿದರೆ ಪಟ್ಟಿಯಲ್ಲಿ ಸ್ಟ್ರಿಂಗ್‌ಗಳ (ಅಕ್ಷರಗಳ ಸಾಲುಗಳ) ಬದಲು ಟಪಲ್‌ಗಳು, ಅಂದರೆ ಹಲವು ಮೌಲ್ಯಗಳ ಗುಂಪುಗಳು, ಇರುತ್ತವೆ. ಅವುಗಳ ಮೇಲೆ ಸ್ಟ್ರಿಂಗಿನ ಕೆಲಸ ಮಾಡಹೋದರೆ ಪ್ರೋಗ್ರಾಂ ಅಲ್ಲೇ ನಿಂತು ತಪ್ಪನ್ನು ತೋರಿಸುತ್ತದೆ. ನನ್ನ ಆತಂಕವಿರುವುದು ಒಂದೇ ಬ್ರ್ಯಾಕೆಟ್ಟಿನ ಬಗ್ಗೆ. ಆಗ ಬರುವುದೂ ಸ್ಟ್ರಿಂಗ್‌ಗಳೇ, ಎಣಿಕೆಯೂ ಸರಿಯಾಗಿಯೇ ಇರುತ್ತದೆ, ಯಾವ ದೋಷಸೂಚನೆಯೂ ಬರುವುದಿಲ್ಲ, ಆದರೆ ವಾಹನದ ಗುರುತೇ ಕಳೆದುಹೋಗಿರುತ್ತದೆ.

ಏನೂ ಸಿಗದಿದ್ದಾಗಲೂ ಇಂಥದೇ ಗೊಂದಲ. ಒಂದೇ ಹೊಂದಿಕೆಯನ್ನು ಹುಡುಕುವ ‘ಸರ್ಚ್’ ಮತ್ತು ‘ಮ್ಯಾಚ್’ ಫಂಕ್ಷನ್‌ಗಳು ಆಗ ‘ಏನೂ ಇಲ್ಲ’ ಎಂದು ಸೂಚಿಸುವ ‘ನನ್’ (None) ಎಂಬ ಮೌಲ್ಯವನ್ನು ಕೊಡುತ್ತವೆ, ಫೈಂಡ್‌ಆಲ್ ಖಾಲಿ ಪಟ್ಟಿಯನ್ನು ಕೊಡುತ್ತದೆ. ಪಟ್ಟಿ ಕೊಡುವ ಫಂಕ್ಷನ್ ಖಾಲಿ ಪಟ್ಟಿ ಕೊಡುವುದಕ್ಕಾದರೂ ಒಂದು ಸಮರ್ಥನೆ ಉಂಟು. ಆದರೆ ಮಾದರಿಯಲ್ಲಿ ಬ್ರ್ಯಾಕೆಟ್ ಹಾಕಿದ ಐಚ್ಛಿಕ ಭಾಗವೊಂದು ಬರಹದಲ್ಲಿ ಇಲ್ಲದಿದ್ದರೆ, ಸರ್ಚ್ ಕೊಟ್ಟ ಮ್ಯಾಚ್ ಆಬ್ಜೆಕ್ಟಿನಲ್ಲಿ (ಸಿಕ್ಕ ಹೊಂದಿಕೆಯ ಪೂರ್ತಿ ವಿವರವಿರುವ ವಸ್ತುವಿನಲ್ಲಿ) ಆ ಭಾಗಕ್ಕೆ ‘ನನ್’ ಸಿಗುತ್ತದೆ, ಫೈಂಡ್‌ಆಲ್‌ನಲ್ಲಿ ಖಾಲಿ ಸ್ಟ್ರಿಂಗ್ ಸಿಗುತ್ತದೆ. ಭಾಗ ಇರಲೇ ಇಲ್ಲವೋ, ಇದ್ದೂ ಖಾಲಿಯಾಗಿತ್ತೋ ಎಂಬುದನ್ನು ಫೈಂಡ್‌ಆಲ್ ಬಳಸಿದವನು ತಿಳಿಯುವ ದಾರಿಯೇ ಇಲ್ಲ. ಒಂದೇ ಲೈಬ್ರರಿಯೊಳಗೆ ಈ ಭೇದವನ್ನು ಒಪ್ಪಿಕೊಳ್ಳುವುದು ನನಗಂತೂ ಕಷ್ಟ.

ಇದು ಪೈಥಾನ್ ಒಂದರ ತೊಡಕೂ ಅಲ್ಲ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ‘ಮ್ಯಾಚ್’ ಕೂಡ ‘ಜಿ’ ಎಂಬ ಒಂದಕ್ಷರದ ಗುರುತು ಇದ್ದರೆ ಒಂದು ಬಗೆಯ, ಇಲ್ಲದಿದ್ದರೆ ಇನ್ನೊಂದು ಬಗೆಯ ಉತ್ತರ ಕೊಡುತ್ತದೆ; ಅಲ್ಲಿ 2020ರ ಆವೃತ್ತಿಯಲ್ಲಿ ‘ಮ್ಯಾಚ್‌ಆಲ್’ ಸೇರಿಸಿ ಬೇರೆ ದಾರಿ ಮಾಡಿಕೊಟ್ಟರು. ಪೈಥಾನ್‌ನಲ್ಲಿ ಅಂಥ ದಾರಿ ಬಹಳ ಹಿಂದಿನಿಂದಲೇ ಇದೆ. ‘ಫೈಂಡ್‌ಇಟರ್’ ಫಂಕ್ಷನ್, ಬ್ರ್ಯಾಕೆಟ್ ಎಷ್ಟೇ ಇರಲಿ, ಪ್ರತಿ ಸಲವೂ ಮ್ಯಾಚ್ ಆಬ್ಜೆಕ್ಟನ್ನೇ ಕೊಡುತ್ತದೆ. ಪೂರ್ತಿ ಸಂಖ್ಯೆ ಬೇಕೋ, ಅದರ ಒಂದು ಭಾಗ ಬೇಕೋ ಎಂಬುದನ್ನು ಬರೆಯುವವನೇ ನಿರ್ಧರಿಸಬಹುದು. ಬರೀ ಆಯ್ಕೆ ಸೂಚಿಸುವ ಬ್ರ್ಯಾಕೆಟ್ಟನ್ನು (?:25|63) ಎಂದು ಬರೆದರೆ ಫೈಂಡ್‌ಆಲ್ ಕೂಡ ಪೂರ್ತಿ ಸಂಖ್ಯೆಯನ್ನೇ ಕೊಡುತ್ತದೆ.

ಫೈಂಡ್‌ಆಲ್‌ನ ಈ ನಡವಳಿಕೆ ಅಧಿಕೃತ ದಾಖಲೆಯಲ್ಲಿ ನಮೂದಾಗಿದೆ, ಅದನ್ನೇ ನಂಬಿ ಬರೆದ ಹಳೆಯ ಪ್ರೋಗ್ರಾಂಗಳು ಕೆಡಬಾರದಾದ್ದರಿಂದ ಈಗ ಬದಲಾಯಿಸುವುದೂ ಸುಲಭವಲ್ಲ. ಹಾಗಾಗಿ ಬದಲಾವಣೆ ನಮ್ಮ ಪ್ರಯೋಗಾಲಯಗಳಲ್ಲಿಯೇ ಆಗಬೇಕು. ಕಡತದಿಂದ ಮೊಬೈಲ್ ಸಂಖ್ಯೆ, ಇ-ಮೇಲ್ ವಿಳಾಸ ಹೆಕ್ಕುವ ಅಭ್ಯಾಸವನ್ನು ಫೈಂಡ್‌ಇಟರ್‌ನಿಂದಲೇ ಮಾಡಿಸಿ, ಆಮೇಲೆ ಅದೇ ಮಾದರಿಯನ್ನು ಬ್ರ್ಯಾಕೆಟ್ ಇಲ್ಲದೆ, ಒಂದು ಬ್ರ್ಯಾಕೆಟ್ ಹಾಕಿ, ಎರಡು ಹಾಕಿ ಫೈಂಡ್‌ಆಲ್‌ಗೆ ಕೊಟ್ಟು, ಮೂರೂ ಉತ್ತರಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಪಕ್ಕಪಕ್ಕದಲ್ಲಿ ಬರೆಸಬೇಕೆಂದು ಉಪನ್ಯಾಸಕ ಮಿತ್ರರಲ್ಲಿ ಕೋರುತ್ತೇನೆ.

– ಪೈಥಾನ್ ಕಲಿಸುವ ಉಪನ್ಯಾಸಕಿ, ಸಪ್ತಾಪುರ, ಧಾರವಾಡ