ಆಲೆಮನೆ ಕಥೆ ಬರೆದ ಹುಡುಗನಿಗೆ

ಮೈಸೂರು

ಪ್ರೀತಿಯ ಮಗು,

ನಿನ್ನ ಕಥೆ ತಲುಪಿತು. ಜೊತೆಗಿದ್ದ ಪತ್ರವನ್ನೂ ಓದಿದೆ. ಕಥೆಗಿಂತ ಪತ್ರವೇ ನನ್ನನ್ನು ಜಾಸ್ತಿ ಕಾಡಿತು. ಎರಡು ಪತ್ರಿಕೆಯವರು ಉತ್ತರವನ್ನೇ ಬರೆಯಲಿಲ್ಲ, ಇನ್ನು ಬರೆಯೋದು ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಈ ವಯಸ್ಸಿಗೆ ಬಿಡುವ ಮಾತು ಆಡಬೇಡ ಕಣಪ್ಪ. ಕಥೆ ಎಷ್ಟು ಪುಟ ಇರಬೇಕು, ಮುಂದೆ ಯಾರಿಗೆ ಕಳಿಸಬೇಕು ಅನ್ನುವುದಕ್ಕೆಲ್ಲ ನಾನು ಉತ್ತರ ಕೊಡುವುದಿಲ್ಲ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ಆದರೆ ಪತ್ರದ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, ಅದಕ್ಕೆ ಮಾತ್ರ ಉತ್ತರ ಹೇಳದೆ ಇರಲಾರೆ.

"ಮದ್ದೂರಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡ್ತೀನಿ ಅಮ್ಮ. ಒಂದು ಕಾದಂಬರಿ ಓದೋಕೆ ತಿಂಗಳು ಬೇಕು. ಸಿನಿಮಾ ಆದ್ರೆ ಹೋಗ್ತಾ ಅರ್ಧ, ಬರ್ತಾ ಅರ್ಧ, ಒಂದೇ ದಿನಕ್ಕೆ ಮುಗಿಯುತ್ತೆ. ಕಥೆ ಹೇಳೋದು ಕಲಿಯೋಕೆ ಎರಡೂ ಒಂದೇ ಅಲ್ವಾ?"

ಅಲ್ಲ. ಖಂಡಿತ ಅಲ್ಲ.

ನೀನು ಸಿನಿಮಾ ನೋಡಿಯೇ ಬರೆಯಲು ಕಲಿತಿದ್ದೀಯ ಅಂತ ಪತ್ರ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು. ಕಥೆಯ ಮೊದಲ ಸಾಲಿನಲ್ಲೇ ಕಬ್ಬಿನ ಗದ್ದೆಯನ್ನು ಆಕಾಶದಿಂದ ತೋರಿಸಿದ್ದೀಯ. ಆಕಾಶದಿಂದ ನೋಡಿದವರು ಯಾರು? ನಿನ್ನ ಅಪ್ಪನಾ? ನೀನಾ? ಅದು ಡ್ರೋನ್ ನೋಡಿದ ಗದ್ದೆ. ನೀನು ಬದುವಿನ ಮೇಲೆ ನಡೆದ ಹುಡುಗ. ಕಬ್ಬಿನ ಸೋಗೆ ಕೈ ಕೊಯ್ದಾಗ ಆಗುವ ಉರಿ ನಿನಗೆ ಗೊತ್ತು. ಅದು ಕಥೆಯಲ್ಲಿ ಎಲ್ಲೂ ಇಲ್ಲ. ಎಲ್ಲರ ಕಣ್ಣೂ ಮಾತೆತ್ತಿದರೆ ತುಂಬಿ ಬರುತ್ತದೆ. ಅಪ್ಪ ಸತ್ತ ದಿನ ಸರಿಯಾಗಿ ಮಳೆ ಬರುತ್ತದೆ. ಆ ಮಳೆ ನಿಮ್ಮೂರಿನದಲ್ಲ ಮಗು, ಸಿನಿಮಾದವರು ಟ್ಯಾಂಕರಿನಲ್ಲಿ ತರಿಸಿದ ನೀರು.

ಆಲೆಮನೆಯನ್ನೇ ತೆಗೆದುಕೋ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ. ಸುಣ್ಣ ಹಾಕುತ್ತಾರೆ, ಮೇಲೆ ಬಂದ ಕೊಳೆ ತೆಗೆಯುತ್ತಾರೆ. ಪಾಕ ಬಂತೋ ಇಲ್ಲವೋ ಅಂತ ಒಂದು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಸ್ವಲ್ಪ ತಡವಾದರೆ ಬೆಲ್ಲ ಸೀದುಹೋಗುತ್ತದೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ. ಕ್ಯಾಮೆರಾ ಇದನ್ನೆಲ್ಲ ಚೆನ್ನಾಗಿ ತೋರಿಸುತ್ತದೆ, ನನಗಿಂತ ನಿನಗಿಂತ ಚೆನ್ನಾಗಿ. ಆದರೆ ಆ ಹನಿ ಉರುಟುವಾಗ ನಿನ್ನ ಅಪ್ಪನ ತಲೆಯಲ್ಲಿ ಏನಿತ್ತು? ಸಾಲವಾ? ಹತ್ತು ವರ್ಷದ ಹಿಂದೆ ಸೀದುಹೋದ ಒಂದು ಪಾಕವಾ? ಕ್ಯಾಮೆರಾ ಬೆರಳಿನ ತನಕ ಹೋಗಿ ನಿಲ್ಲುತ್ತದೆ. ಅಲ್ಲಿಂದ ಒಳಗೆ ಹೋಗುವುದು ನಿನ್ನ ಕೆಲಸ. ನೀನೂ ಬೆರಳಿನ ಹತ್ತಿರವೇ ನಿಂತುಬಿಟ್ಟೆ.

ನಿನ್ನ ಕಥೆಯಲ್ಲಿ ಒಂದೇ ಒಂದು ಕಡೆ ನಾನು ತಡೆದು ನಿಂತೆ. ಅಮ್ಮ ಕೊಪ್ಪರಿಗೆಯ ಅಂಚಿನ ಬೆಲ್ಲ ಕೆರೆದು ಒಬ್ಬಳೇ ತಿನ್ನುತ್ತಾಳೆ, ಪಕ್ಕದಲ್ಲೇ ನಿಂತ ಮಗನಿಗೆ ಕೊಡುವುದಿಲ್ಲ. ಇದನ್ನು ನೀನು ಯಾವ ಸಿನಿಮಾದಿಂದಲೂ ತಂದಿಲ್ಲ. ಸಿನಿಮಾದ ಅಮ್ಮ ಆಗಿದ್ದರೆ ಮಗನಿಗೆ ಕೊಟ್ಟೇ ಕೊಡುತ್ತಿದ್ದಳು. ನಿನ್ನ ಈ ಅಮ್ಮನಿಗಾಗಿಯೇ ನಾನು ಇಷ್ಟುದ್ದ ಪತ್ರ ಬರೆಯುತ್ತಿದ್ದೇನೆ. ಮುಂದಿನ ಸಾಲಿನಲ್ಲೇ ಅವಳ ಕಣ್ಣಲ್ಲಿ ನೀರು ತುಂಬಿಸಿ ಹಾಳು ಮಾಡಿದ್ದೀಯಲ್ಲ, ಬೇಜಾರಾಯಿತು.

ಸಿನಿಮಾದಿಂದ ಕಲಿಯುವುದು ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಒಳ್ಳೆಯ ಸಿನಿಮಾ ಕಲಿಸುತ್ತದೆ. ಮಾತಿಲ್ಲದೆ ಸುಮ್ಮನೆ ಇರುವುದನ್ನೂ ಕಲಿಸುತ್ತದೆ. ಅಷ್ಟು ತೆಗೆದುಕೋ.

ಆದರೆ ಸಿನಿಮಾದಲ್ಲಿ ನಿನ್ನ ಕೆಲಸವನ್ನು ಬೇರೆಯವರು ಮಾಡಿ ಮುಗಿಸಿರುತ್ತಾರೆ. ಮುಖ ಯಾವುದು ಅಂತ ನಿರ್ದೇಶಕ ತೀರ್ಮಾನ ಮಾಡಿದ್ದಾನೆ. ಬೆಳಕು ಎಲ್ಲಿಂದ ಬೀಳಬೇಕು ಅಂತ ಕ್ಯಾಮೆರಾದವನು, ಎಲ್ಲಿ ಅಳಬೇಕು ಅಂತ ಸಂಗೀತದವನು. ಸೆಕೆಂಡಿಗೆ 24 ಚಿತ್ರ ಓಡುತ್ತಿರುತ್ತವೆ, ಅದು ನಿನಗೋಸ್ಕರ ಕಾಯುವುದಿಲ್ಲ. ಫೋನಿನಲ್ಲಿ ನಿಲ್ಲಿಸಬಹುದು ಅಂತೀಯ. ನಿಲ್ಲಿಸುತ್ತೀಯ, ಯಾರದೋ ಕರೆ ಬಂದಾಗ. ಯೋಚನೆ ಮಾಡಬೇಕು ಅಂತ ಯಾವತ್ತಾದರೂ ನಿಲ್ಲಿಸಿದ್ದೀಯಾ? ಪುಸ್ತಕದಲ್ಲಿ ಇರುವುದು ಕಪ್ಪು ಅಕ್ಷರ ಮಾತ್ರ. ಮುಖ, ಬೆಳಕು, ದನಿ ಎಲ್ಲವನ್ನೂ ನೀನೇ ಕಟ್ಟಿಕೊಳ್ಳಬೇಕು. ಬರೆಯಲು ಕೂತಾಗ ಬೇಕಾಗುವುದೂ ಅದೇ ಕೆಲಸ. ಓದುವಾಗ ಅದನ್ನು ಮಾಡಿ ಅಭ್ಯಾಸವಿಲ್ಲದವನು ಬರೆಯುವಾಗ ಎಲ್ಲಿಂದ ತರುತ್ತಾನೆ? ನೋಡಿದ್ದನ್ನೇ ಇಳಿಸುತ್ತಾನೆ.

ನಮ್ಮ ಊರಿನದೇ ಒಂದು ವಿಷಯ ಹೇಳುತ್ತೇನೆ. ಆರ್.ಕೆ. ನಾರಾಯಣ್ ಇದ್ದ ಮನೆ ಯಾದವಗಿರಿಯಲ್ಲಿ ಈಗ ಮ್ಯೂಸಿಯಂ ಆಗಿದೆ, ಮುಂದಿನ ಸಲ ಬಂದಾಗ ನೋಡು. ಅವರ 'ದಿ ಗೈಡ್' ಕಾದಂಬರಿ 1958ರಲ್ಲಿ ಬಂತು. ಅದನ್ನು ಸಿನಿಮಾ ಮಾಡಲು ಬಂದವರಿಗೆ ಅವರು ಮೈಸೂರಿನ ಸುತ್ತಮುತ್ತಲ ಜಾಗಗಳನ್ನೆಲ್ಲ ತೋರಿಸಿದರು. ಕೊನೆಗೆ ಸಿನಿಮಾದವರು ಹೋಗಿ ಚಿತ್ರೀಕರಣ ಮಾಡಿದ್ದು ಜೈಪುರ, ಉದಯಪುರದಲ್ಲಿ. ಮಾಲ್ಗುಡಿಯಂಥ ಪುಟ್ಟ ಊರಿನ ಕಥೆ ಅರಮನೆಗಳ ಊರಿನ ಕಥೆಯಾಯಿತು. 1965ರಲ್ಲಿ ತೆರೆಗೆ ಬಂದ ಆ ಸಿನಿಮಾ ಇಡೀ ದೇಶಕ್ಕೆ ಇಷ್ಟವಾಯಿತು, ನಾರಾಯಣ್ ಅವರಿಗೆ ಮಾತ್ರ ಸಮಾಧಾನ ಆಗಲಿಲ್ಲ. 'ಮಿಸ್‌ಗೈಡೆಡ್ ಗೈಡ್' ಅಂತ ಪ್ರಬಂಧವನ್ನೇ ಬರೆದರು. ಇವತ್ತು ಆ ಪುಸ್ತಕ ತೆರೆದವರಿಗೆ ರಾಜು ಅಂದರೆ ದೇವ್ ಆನಂದ್, ರೋಸಿ ಅಂದರೆ ವಹೀದಾ ರೆಹಮಾನ್. ಬೇರೆ ಮುಖ ಕಟ್ಟಿಕೊಳ್ಳಲು ಆಗುವುದೇ ಇಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನನಗೆ ತುಂಬ ಪ್ರೀತಿಯ ಧಾರಾವಾಹಿ. ಆದರೆ ಅದನ್ನು ಆಗುಂಬೆಯಲ್ಲಿ ತೆಗೆದ ಮೇಲೆ ಮಾಲ್ಗುಡಿ ಅಂದರೆ ನಮಗೆಲ್ಲ ಆಗುಂಬೆಯೇ. ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ ಹಾಗಾಯಿತು. ಅದಕ್ಕೆ ಮೊದಲು ಓದಿದ ಒಬ್ಬೊಬ್ಬರಿಗೂ ಒಂದೊಂದು ಮಾಲ್ಗುಡಿ ಇತ್ತು. ನನ್ನದರಲ್ಲಿ ನಂಜನಗೂಡಿನ ಹೊಳೆ ಇತ್ತು. ನೀನು ಮೊದಲು ಓದಿದ್ದರೆ ನಿನ್ನದರಲ್ಲಿ ಶಿಂಷಾ ಇರುತ್ತಿತ್ತೇನೋ.

ಪುಟ್ಟಣ್ಣ ಕಣಗಾಲ್ ಅಂದರೆ ಪ್ರಾಣ ಅಂತ ಬರೆದಿದ್ದೀಯ. ಒಳ್ಳೆಯದು. ಅವರು ಪಿರಿಯಾಪಟ್ಟಣದ ಕಡೆಯವರು, ನಮ್ಮವರು. ಆದರೆ ಅವರು ಏನು ಮಾಡುತ್ತಿದ್ದರು ಅಂತ ಸ್ವಲ್ಪ ನೋಡಪ್ಪ. ಅವರು ನಿರ್ದೇಶಿಸಿದ ಸಿನಿಮಾಗಳಲ್ಲಿ 'ಬೆಳ್ಳಿಮೋಡ' ಮತ್ತು 'ಶರಪಂಜರ' ನಮ್ಮ ಮೈಸೂರಿನ ತ್ರಿವೇಣಿಯವರ ಕಾದಂಬರಿಗಳು. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. 'ನಾಗರಹಾವು' ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ನೀನು ಯಾರನ್ನು ನೋಡಿ ಕಲಿಯಲು ಹೊರಟಿದ್ದೀಯೋ ಅವರೇ ಓದಿ ಕಲಿಯುತ್ತಿದ್ದರು. ನೀನು ಮಾತ್ರ ಓದುವುದನ್ನು ಬಿಟ್ಟು ಅವರ ಶಾಟ್ ನೆನಪಿಟ್ಟುಕೊಂಡಿದ್ದೀಯ.

ತ್ರಿವೇಣಿಯವರು 1963ರಲ್ಲೇ ತೀರಿಕೊಂಡರು, ಚಿಕ್ಕ ವಯಸ್ಸು. 'ಬೆಳ್ಳಿಮೋಡ' ತೆರೆಗೆ ಬಂದದ್ದು 1967ರಲ್ಲಿ. ತಮ್ಮ ಕಥೆಯನ್ನು ತೆರೆಯ ಮೇಲೆ ನೋಡಲು ಅವರಿಗೆ ಆಗಲೇ ಇಲ್ಲ. ನನಗೆ ಈಗಲೂ ಸಂಕಟ ಆಗುವ ವಿಷಯ ಇದು. ಇವತ್ತು 'ಶರಪಂಜರ' ಅಂದರೆ ಜನ ಕಲ್ಪನಾ ಅವರನ್ನು ನೆನೆಯುತ್ತಾರೆ. ನೆನೆಯಲಿ, ಅಂಥ ಅಭಿನಯ ಅದು. ಆದರೆ ಮನೋರೋಗ ವಾಸಿಯಾಗಿ ಮನೆಗೆ ಬಂದ ಕಾವೇರಿಯ ಹತ್ತಿರ ಒಂದು ಮಧ್ಯಾಹ್ನ ಪೂರ್ತಿ ಪುಸ್ತಕ ಹಿಡಿದು ಕೂತು ನೋಡು. ಯಾರೂ ಬೈಯುವುದು ಬೇಡ, ಕಿರುಚುವುದು ಬೇಡ. ಮನೆಯವರು ನಂಬುತ್ತಿಲ್ಲ ಅನ್ನುವುದು ಅವಳಿಗೆ ಸ್ವಲ್ಪ ಸ್ವಲ್ಪವಾಗಿ ಗೊತ್ತಾಗುತ್ತಾ ಬರುತ್ತದೆ. ಆ ನಿಧಾನವೇ ನೀನು ಕಲಿಯಬೇಕಾದ ಪಾಠ. ಅದನ್ನು ಎರಡು ಗಂಟೆಯಲ್ಲಿ ಕಲಿಯಲು ಬರುವುದಿಲ್ಲ.

ನನಗೊಂದು ಹಳೆಯ ಸಿಟ್ಟಿದೆ. ನನ್ನ ಎರಡನೆಯ ಕಾದಂಬರಿ ಬಿಡುಗಡೆಯಾದ ದಿನ ವೇದಿಕೆಯ ಮೇಲಿದ್ದ ದೊಡ್ಡವರೊಬ್ಬರು, "ಓದ್ತಿದ್ರೆ ಸಿನಿಮಾ ನೋಡಿದ ಹಾಗೇ ಇದೆ" ಅಂದರು. ಸಭೆ ಚಪ್ಪಾಳೆ ತಟ್ಟಿತು. ಅವರು ಅದನ್ನು ಹೊಗಳಿಕೆ ಅಂತಲೇ ಹೇಳಿದ್ದು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ಆ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಒಳ್ಳೆಯ ಸಿನಿಮಾ ನೋಡಿ ಬಂದು "ಕಾದಂಬರಿ ಓದಿದ ಹಾಗಾಯ್ತು" ಅಂತ ಅಷ್ಟು ಜನ ಅನ್ನುತ್ತಾರಾ? ಕಥೆ ಸಿನಿಮಾ ಆದರೆ ಮಾತ್ರ ಗೆದ್ದ ಹಾಗೆ ಅನ್ನುವ ಯೋಚನೆ ನಮ್ಮಲ್ಲಿ ಎಷ್ಟೋ ಒಳ್ಳೆಯ ಬರಹಗಾರರನ್ನು ಕೆಡಿಸಿದೆ. ನಿನಗೂ ಯಾರಾದರೂ ಹಾಗೆ ಹೇಳುತ್ತಾರೆ. ಕಥೆ ನೋಡಿದರೆ ಈಗಾಗಲೇ ಹೇಳಿರಬೇಕು. ದಯವಿಟ್ಟು ಖುಷಿಪಡಬೇಡ.

ಸಮಯ ಇಲ್ಲ ಅನ್ನುತ್ತೀಯ. ನಿನ್ನ ದಿನ ಬೆಳಗಾಗುವ ಮೊದಲೇ ಶುರುವಾಗುತ್ತದೆ, ನಿಂತುಕೊಂಡೇ ಹೋಗುವ ದಿನಗಳೂ ಇರುತ್ತವೆ ಅಂತ ನನಗೆ ಗೊತ್ತು. ಹಾಗೆ ಹೋಗುವವನಿಗೆ ಓದು ಅಂತ ಹೇಳುವಾಗ ನನಗೂ ಕಷ್ಟ ಆಗುತ್ತದೆ. ಆದರೂ ಹೇಳುತ್ತೇನೆ. ಹೋಗುವಾಗ ನಾಲ್ಕು ಪುಟ ಓದು. ಬರುವಾಗ ಕಣ್ಣು ಮುಚ್ಚಿಕೊಂಡು ಅದೇ ನಾಲ್ಕು ಪುಟ ನೆನಪು ಮಾಡಿಕೋ. ತಿಂಗಳಿಗೆ ಒಂದೇ ಪುಸ್ತಕ ಆದರೆ ಆಗಲಿ. ಎಷ್ಟು ಓದಿದೆ ಅಂತ ಯಾರೂ ಲೆಕ್ಕ ಕೇಳುವುದಿಲ್ಲ. ಸಿನಿಮಾ ಭಾನುವಾರ ನೋಡು, ದೊಡ್ಡ ಪರದೆಯ ಮೇಲೆ, ಜನರ ಮಧ್ಯೆ ಕೂತು.

ಆಲೆಮನೆ ಕಥೆಯನ್ನು ಹರಿದು ಹಾಕಬೇಡ. ಅಮ್ಮನಿಂದ ಶುರುಮಾಡಿ ಮತ್ತೆ ಬರೆ. ಅವಳು ಮಗನಿಗೆ ಬೆಲ್ಲ ಯಾಕೆ ಕೊಡಲಿಲ್ಲ ಅಂತ ನೀನೂ ಇನ್ನೂ ಯೋಚಿಸಿಲ್ಲ, ನನಗೆ ಗೊತ್ತು. ಬರೆಯುತ್ತಾ ಹೋದರೆ ತಿಳಿಯುತ್ತದೆ.

'ಶರಪಂಜರ' ನನ್ನ ಹತ್ತಿರ ಎರಡು ಪ್ರತಿ ಇದೆ. ಒಂದು ರಜೆಯ ದಿನ ಮೈಸೂರಿಗೆ ಬಂದು ತೆಗೆದುಕೊಂಡು ಹೋಗು. ಮಧ್ಯಾಹ್ನ ಊಟಕ್ಕೇ ಬಾ. ಬರುವ ಹಿಂದಿನ ದಿನ ಒಂದು ಫೋನ್ ಮಾಡು.

ಆಶೀರ್ವಾದಗಳು.